ಅಜ್ಜಿ ಕಥೆಯನ್ನ ಕೆಡಿಸಿದ್ದು ಯಾರು?

ಮಾನ್ಯ ಸಂಪಾದಕರಿಗೆ ನಮಸ್ಕಾರ,

ಸಿಂಡರೆಲ್ಲಾ, ಸ್ನೋವೈಟ್ ಥರದ ಹಳೇ ಕಥೆಗಳನ್ನ ಹೆಣ್ಣಿನ ಕಡೆಯಿಂದ ಮತ್ತೆ ಬರೀತಿರೋ ಲೇಖಕಿಯರ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಲೇಖನ ಬಂದಿತ್ತು. ಅದಕ್ಕೆ ಓದುಗರೊಬ್ಬರು ಪತ್ರ ಬರೆದು, ಮಕ್ಕಳ ಕಥೆಗೂ ಸ್ತ್ರೀವಾದ ತುರುಕ್ಬೇಕಾ, ಅಜ್ಜಿ ಹೇಳಿದ ಹಾಗೇ ಇರ್ಲಿ ಬಿಡಿ, ನೂರಾರು ವರ್ಷದಿಂದ ಬಂದ ಕಥೆಯನ್ನ ಯಾಕೆ ಕೆಡಿಸ್ತೀರಿ ಅಂತ ಕೇಳಿದಾರೆ. ಹಿರಿಯರು ಅನ್ಸುತ್ತೆ, ಮೊಮ್ಮಕ್ಕಳಿಗೆ ಕಥೆ ಹೇಳೋರು ಇರ್ಬೇಕು, ಅವರ ಬೇಸರದಲ್ಲಿ ಕಥೆ ಮೇಲಿನ ಪ್ರೀತಿ ಇದೆ ಅಂತ ಓದ್ದಾಗಲೇ ಗೊತ್ತಾಯ್ತು. ಆದ್ರೆ ಅವರ ಮಾತು ಒಪ್ಪಕ್ಕೆ ನಂಗೆ ಆಗ್ತಿಲ್ಲ. ನಾನು ಆಲೂರು ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯಲ್ಲಿ ಟೀಚರ್, ದಿನಾ ಮಕ್ಕಳಿಗೆ ಕಥೆ ಹೇಳೋದು ನನ್ನ ಕೆಲಸ, ಹಂಗಾಗಿ ಈ ವಿಷಯದಲ್ಲಿ ಸುಮ್ನಿರಕ್ಕೆ ಮನಸ್ಸು ಬರ್ಲಿಲ್ಲ, ಪತ್ರ ಸ್ವಲ್ಪ ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ಮೊದಲ್ನೇದಾಗಿ ಈ "ಇದ್ದ ಹಾಗೇ ಇರ್ಲಿ" ಅನ್ನೋ ಮಾತು. ಇದ್ದ ಹಾಗೆ ಅಂದ್ರೆ ಯಾವ ಕಾಲದಲ್ಲಿ ಇದ್ದ ಹಾಗೆ? ಕಪ್ಪೆ ರಾಜಕುಮಾರನ ಕಥೆ ಎಲ್ರಿಗೂ ಗೊತ್ತು, ರಾಜಕುಮಾರಿ ಕಪ್ಪೆಗೆ ಮುತ್ತು ಕೊಡ್ತಾಳೆ, ಅದು ರಾಜಕುಮಾರ ಆಗುತ್ತೆ. ಜರ್ಮನಿಯ ಗ್ರಿಮ್ ಸಹೋದರರ ಪುಸ್ತಕದಲ್ಲಿ ಇರೋ ಕಥೆಯಲ್ಲಿ ಮುತ್ತೇ ಇಲ್ಲ. ಆ ಕಪ್ಪೆ ನಿನ್ನ ತಟ್ಟೇಲೇ ಉಣ್ತೀನಿ, ನಿನ್ನ ಹಾಸಿಗೇಲೇ ಮಲಗ್ತೀನಿ ಅಂತ ಹಟ ಹಿಡಿಯುತ್ತೆ, ಅಪ್ಪ ರಾಜ ಬೇರೆ ಮಾತು ಕೊಟ್ಟಿದೀಯಲ್ಲ ನಡ್ಸು ಅಂತ ಗದರ್ತಾನೆ, ಆ ಹುಡುಗಿಗೆ ಸಿಟ್ಟು ಬಂದು ಕಪ್ಪೆನ ಎತ್ತಿ ಗೋಡೆಗೆ ಬಿಸಾಕ್ತಾಳೆ, ಆಗ್ಲೇ ಅದು ರಾಜಕುಮಾರ ಆಗೋದು! ಬೇಡ ಅಂತ ಸಿಟ್ಟು ಮಾಡ್ಕೊಂಡ ಹುಡುಗಿಯನ್ನ ತೆಗೆದು, ಅಸಹ್ಯ ಆದ್ರೂ ಸಹಿಸ್ಕೊಂಡು ಮುತ್ತು ಕೊಡೋ ಹುಡುಗಿಯನ್ನ ಕೂರಿಸಿದ್ದು ಆಮೇಲಿನವರು. ನಾವು ಹಳೇದು ಅಂತ ಕಾಪಾಡ್ತಿರೋದು ಆ ಹೊಸದನ್ನ.

ಸ್ನೋವೈಟ್ ಕಥೆಯೂ ಹಂಗೇ. ಗ್ರಿಮ್ ಅವರ ಪುಸ್ತಕ ಮೊದಲು ಬಂದಿದ್ದು 1812ರಲ್ಲಿ. ಅದರಲ್ಲಿ ಆ ಹುಡುಗಿಯನ್ನ ಕಾಡಿಗೆ ಕಳಿಸಿ ಕೊಲ್ಲಿಸಕ್ಕೆ ಹೊರಟೋಳು ಮಲತಾಯಿ ಅಲ್ಲ, ಹೆತ್ತ ತಾಯಿ. 1819ರ ಮುದ್ರಣದಲ್ಲಿ ಹೆತ್ತ ತಾಯಿಯನ್ನ ಸಾಯ್ಸಿ ಮಲತಾಯಿಯನ್ನ ತಂದ್ರು, ತಾಯಿ ಅಂದ್ರೆ ಹಿಂಗಿರಬಾರ್ದು ಅಂತ. ರಪುಂಜೆಲ್ ಕಥೆ 1812ರಲ್ಲಿ ಇದ್ದಾಗ ಆ ಗೋಪುರದ ಹುಡುಗಿ ಏನೂ ಗೊತ್ತಿಲ್ದೆ, ನನ್ನ ಬಟ್ಟೆ ಯಾಕೆ ಬಿಗಿ ಆಗ್ತಿದೆ ಅಂತ ತನ್ನನ್ನ ಕೂಡಿ ಹಾಕಿದ್ದೋಳನ್ನ ಕೇಳ್ತಾಳೆ, ಅಂದ್ರೆ ಬಸುರಿ. ಮುಂದಿನ ಮುದ್ರಣಗಳಲ್ಲಿ ಆ ಮಾತನ್ನ ತೆಗೆದು, ರಾಜಕುಮಾರನಿಗಿಂತ ನಿನ್ನನ್ನ ಕೂದಲಲ್ಲಿ ಮೇಲಕ್ಕೆ ಎಳೆಯೋದು ಭಾರ ಅಂತ ಬಾಯಿ ತಪ್ಪಿ ಹೇಳೋ ಹಂಗೆ ಮಾಡಿದ್ರು. 1857ರ ಏಳನೇ ಮುದ್ರಣದ ತನಕ ಹಿಂಗೆ ತಿದ್ದುತಾನೇ ಹೋದ್ರು. ಅವರಿಗೆ ಈ ಕಥೆಗಳನ್ನ ಹೇಳಿದವರಲ್ಲಿ ಬಹಳಷ್ಟು ಜನ ಹೆಂಗಸರು, ಡೊರೊಥಿಯಾ ಫೀಮನ್ ಅನ್ನೋ ದರ್ಜಿಯ ಹೆಂಡತಿ ಒಬ್ಬಳೇ ಎಷ್ಟೋ ಕಥೆ ಕೊಟ್ಟಿದಾಳೆ. ಹೇಳಿದ್ದು ಹೆಂಗಸರು, ತಿದ್ದಿದ್ದು ಗಂಡಸರು, ಪುಸ್ತಕದ ಮೇಲೆ ಹೆಸರು ಬಂದಿದ್ದೂ ಗಂಡಸರದ್ದೇ. ಆಗ ಯಾರೂ ಅಜ್ಜಿ ಕಥೆ ಕೆಡಿಸ್ತಿದೀರಿ ಅಂತ ಪತ್ರಿಕೆಗೆ ಬರೀಲಿಲ್ಲ, ಈಗ ಹೆಂಗಸರು ತಮ್ಮ ಮಾತನ್ನ ವಾಪಸ್ ತಗೊಳ್ತೀವಿ ಅಂದಾಗ ಮಾತ್ರ ಕೆಡಿಸೋದು ಅಂತ ಹೆಸರು ಬರುತ್ತೆ.

ನಿದ್ದೆ ಮಾಡೋ ರಾಜಕುಮಾರಿ ಕಥೆ ಬಗ್ಗೆ ಹೇಳಕ್ಕೇ ಸಂಕಟ ಆಗುತ್ತೆ. ಇಟಲಿಯ ಬಸೀಲೆ ಅನ್ನೋರ ಸಂಗ್ರಹ 1634ರಿಂದ 36ರ ಒಳಗೆ ಬಂತು, ಅದರಲ್ಲಿ ಮಲಗಿರೋ ಹುಡುಗಿಯ ಮೇಲೆ ರಾಜ ಅತ್ಯಾಚಾರ ಮಾಡಿ ಹೋಗ್ತಾನೆ, ಅವಳು ನಿದ್ದೆಯಲ್ಲೇ ಅವಳಿ ಮಕ್ಕಳನ್ನ ಹೆರ್ತಾಳೆ, ಒಂದು ಮಗು ಮೊಲೆ ಹುಡುಕ್ತಾ ಬೆರಳು ಚೀಪಿದಾಗ ಚುಚ್ಚಿಕೊಂಡಿದ್ದ ಸಿಬಿರು ಆಚೆ ಬಂದು ಎಚ್ಚರ ಆಗ್ತಾಳೆ. ಮದುವೆ ಆಗಿರೋ ರಾಜ ಅವನು, ಕೊನೆಗೆ ಬೆಂಕಿಗೆ ಬೀಳೋದು ಅವನ ಹೆಂಡತಿ! ಫ್ರಾನ್ಸಿನ ಪೆರೋ 1697ರಲ್ಲಿ ಅದನ್ನ ಅರಮನೆಯವರ ಮುಂದೆ ಹೇಳೋ ಹಂಗೆ ಸಭ್ಯ ಮಾಡಿದ್ರು, ಗ್ರಿಮ್ ಪುಸ್ತಕಕ್ಕೆ ಬಂದಾಗ ಮುತ್ತು ಸೇರ್ಕೊಳ್ತು, 1959ರಲ್ಲಿ ಡಿಸ್ನಿ ಸಿನಿಮಾ ಬಂತು, ಅಲ್ಲಿಗೆ ಎಲ್ರ ಮನಸ್ಸಲ್ಲೂ ಅದೇ ನಿಜವಾದ ಕಥೆ ಆಗೋಯ್ತು. ಹಿಂಗೆ ಒಬ್ಬರಾದ ಮೇಲೆ ಒಬ್ಬರು ಬದಲಾಯಿಸ್ಕೊಂಡೇ ಬಂದಿರೋ ಕಥೆಯನ್ನ ಇವತ್ತು ಒಬ್ಬ ಹೆಂಗಸು ಕೈಗೆ ತಗೊಂಡು, ಮಲಗಿದ್ದಾಗ ನನ್ನನ್ನ ಮುಟ್ಟಕ್ಕೆ ನಿನಗೆ ಹೇಳಿದ್ದು ಯಾರು ಅಂತ ಆ ಹುಡುಗಿ ಬಾಯಲ್ಲಿ ಕೇಳಿಸಿದ್ರೆ ಅದು ಹೊಸದಾಗಿ ತುರುಕಿದ ಪ್ರಶ್ನೆ ಅಲ್ಲ, ಕಥೆ ಒಳಗೇ ಇತ್ತು, ಯಾರೂ ಕೇಳಿರ್ಲಿಲ್ಲ ಅಷ್ಟೇ.

ನಂಗೆ ಜಾಸ್ತಿ ಕಾಡೋದು ಕೆಂಪು ಟೋಪಿ ಹುಡುಗಿ ಕಥೆ. ಪೆರೋ ಬರೆದಿದ್ರಲ್ಲಿ ತೋಳ ಅಜ್ಜೀನೂ ತಿನ್ನುತ್ತೆ ಹುಡುಗೀನೂ ತಿನ್ನುತ್ತೆ, ಅಲ್ಲಿಗೆ ಕಥೆ ಮುಗೀತು, ಯಾರೂ ಬಂದು ಕಾಪಾಡಲ್ಲ. ಕೊನೇಲಿ ಒಂದು ನೀತಿ ಪದ್ಯ ಇದೆ, ಚೆಂದದ ಹುಡುಗೀರು ಕಂಡೋರ ಹತ್ರ ಮಾತಾಡಬಾರ್ದು ಅಂತ. ಗ್ರಿಮ್ ಅವರು ಬೇಟೆಗಾರನ್ನ ತಂದು ತೋಳದ ಹೊಟ್ಟೆ ಕೊಯ್ಸಿ ಇಬ್ಬರನ್ನೂ ಉಳಿಸಿದ್ರು, ಆದ್ರೆ ಬುದ್ಧಿ ಮಾತು ಮಾತ್ರ ಹುಡುಗಿಗೇ, ಅಮ್ಮ ಹೇಳಿದ ದಾರಿ ಬಿಡಬಾರ್ದು ಅಂತ. ಇವೆರಡಕ್ಕೂ ಬೇರೆಯಾಗಿ ಫ್ರಾನ್ಸಿನ ಹಳ್ಳಿಗಳಲ್ಲಿ ಜನ ಬಾಯಲ್ಲಿ ಹೇಳ್ತಿದ್ದ ಕಥೆಯೊಂದಿದೆ, ಆಮೇಲೆ ಜಾನಪದದವರು ಅದನ್ನ ಬರ್ಕೊಂಡಿದಾರೆ. ಅದರಲ್ಲಿ ಹುಡುಗಿ ತೋಳಕ್ಕೆ ನಂಗೆ ಹೊರಗೆ ಹೋಗ್ಬೇಕು ಅಂತಾಳೆ, ತೋಳ ಅವಳ ಕಾಲಿಗೆ ದಾರ ಕಟ್ಟಿ ಕಳಿಸುತ್ತೆ, ಅವಳು ಆಚೆ ಬಂದು ದಾರನ ಮರಕ್ಕೆ ಕಟ್ಟಿ ಮನೆಗೆ ಓಡಿ ಹೋಗ್ತಾಳೆ. ಬೇಟೆಗಾರನೂ ಇಲ್ಲ ಟೋಪಿಯೂ ಇಲ್ಲ, ಹುಡುಗಿ ತನ್ನ ತಲೆ ಓಡಿಸಿ ತಪ್ಪಿಸ್ಕೊಂಡ್ಳು. ಇಂಗ್ಲೆಂಡಿನ ಏಂಜೆಲಾ ಕಾರ್ಟರ್ 1977ರಲ್ಲಿ ಪೆರೋ ಕಥೆಗಳನ್ನ ಅನುವಾದ ಮಾಡಿದ್ರು, ಎರಡು ವರ್ಷ ಆದ್ಮೇಲೆ 1979ರಲ್ಲಿ ತಮ್ಮದೇ ಕಥಾ ಸಂಕಲನ ತಂದ್ರು, ಅದರಲ್ಲಿ ತೋಳದ ಮುಂದೆ ನಿಂತ ಹುಡುಗಿ ಹೆದರಲ್ಲ, ನಗ್ತಾಳೆ. ಅದೇ ಸಂಕಲನದಲ್ಲಿ ಹೆಂಡತಿಯರನ್ನ ಕೊಲ್ಲೋ ನೀಲಿಗಡ್ಡದವನ ಕಥೆಯನ್ನೂ ಬೇರೆ ಥರ ಬರೆದಿದಾರೆ. ಹಳೇ ಕಥೆಯಲ್ಲಿ ಅಣ್ಣಂದಿರು ಬಂದು ಉಳಿಸ್ತಾರೆ, ಇಲ್ಲಿ ಕುದುರೆ ಹತ್ಕೊಂಡು ತನ್ನ ಗಂಡನ ಹಳೇ ಪಿಸ್ತೂಲು ಹಿಡ್ಕೊಂಡು ಬರೋದು ಹುಡುಗಿಯ ಅಮ್ಮ! ಕಥೆಯಲ್ಲಿ ಅಮ್ಮ ಅನ್ನೋಳು ಒಂದೋ ಸತ್ತಿರ್ತಾಳೆ ಇಲ್ಲಾ ಮಲತಾಯಿ ಆಗಿರ್ತಾಳೆ, ಬದುಕಿದ್ದು ಮಗಳ ಕಷ್ಟಕ್ಕೆ ಓಡಿ ಬರೋ ಅಮ್ಮನ್ನ ಎಷ್ಟು ಕಥೆಯಲ್ಲಿ ನೋಡಿದೀವಿ ನಾವು?

ಈ ಕೆಂಪು ಟೋಪಿ ಕಥೆ ನಮ್ಮ ಕಡೆ ಮಕ್ಕಳಿಗೆ ದೂರದ್ದಲ್ಲ ಸಂಪಾದಕರೇ. ಆಲೂರು, ಸಕಲೇಶಪುರ ಕಡೆ ಆನೆ ಕಾಟ ಎಷ್ಟಿದೆ ಅಂತ ನಿಮ್ಮ ಪತ್ರಿಕೇಲೇ ಬರ್ತಾ ಇರುತ್ತೆ, ತೋಟದ ದಾರೀಲಿ ಶಾಲೆಗೆ ಬರೋ ಮಕ್ಕಳಿಗೆ ಕಾಡು ಅಂದ್ರೆ ಏನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. ಆನೆಗೆ ಹೆದರಬೇಕು ಸರಿ. ಆದ್ರೆ ಏಳನೇ ಕ್ಲಾಸ್ ಮುಗಿಸಿ ಹೈಸ್ಕೂಲಿಗೆ ದೂರ ಹೋಗ್ಬೇಕಾದಾಗ ಹುಡುಗರನ್ನ ಕಳಿಸ್ತಾರೆ, ಹುಡುಗೀರ ವಿಷಯ ಬಂದಾಗ ದಾರಿ ಸರಿ ಇಲ್ಲ, ಕಾಲ ಸರಿ ಇಲ್ಲ, ಬಸ್ಸು ತಡ ಆಗುತ್ತೆ ಅಂತ ಮನೇಲಿ ಮಾತು ಶುರು ಆಗುತ್ತೆ. ದಾರಿ ಸರಿ ಇಲ್ಲ ಅನ್ನೋವ್ರು ಯಾರೂ ಆನೆ ಬಗ್ಗೆ ಹೇಳ್ತಿರಲ್ಲ, ಅದು ನಮ್ಮೆಲ್ರಿಗೂ ಗೊತ್ತು. ಬುದ್ಧಿ ಮಾತೆಲ್ಲ ಹುಡುಗಿಗೇ. ತಲೆ ಬಗ್ಗಿಸಿ ನಡಿ, ಯಾರ ಹತ್ರನೂ ನಿಂತು ಮಾತಾಡಬೇಡ, ಕತ್ತಲಾಗೋದ್ರೊಳಗೆ ಬಾ. ತೋಳಕ್ಕೆ ಯಾರು ಬುದ್ಧಿ ಹೇಳ್ತಾರೆ? ನಾನು ಹೋದ ವರ್ಷ ಐದನೇ ಕ್ಲಾಸಿನ ಮಕ್ಕಳಿಗೆ ಈ ಕಥೆನ ಬೇಟೆಗಾರ ಬರೋ ಥರದಲ್ಲೂ ಹೇಳ್ದೆ, ಹುಡುಗಿ ದಾರ ಮರಕ್ಕೆ ಕಟ್ಟಿ ಓಡಿ ಹೋಗೋ ಥರದಲ್ಲೂ ಹೇಳ್ದೆ. ಯಾವ್ದು ಬೇಕು ಅಂತ ಕೇಳಿದ್ರೆ ಹುಡುಗೀರೆಲ್ಲ ದಾರದ್ದೇ ಅಂದ್ರು, ಅದು ನಿರೀಕ್ಷೆ ಇತ್ತು. ಹುಡುಗರಲ್ಲೂ ಜಾಸ್ತಿ ಜನ ಅದೇ ಕೇಳಿದ್ರು, ಯಾಕೆ ಅಂದ್ರೆ ಅದರಲ್ಲಿ ಉಪಾಯ ಇದೆ ಮಿಸ್ ಅಂತ. ಕಥೆಯ ರುಚಿ ಮಕ್ಕಳಿಗೆ ನಮಗಿಂತ ಚೆನ್ನಾಗಿ ಗೊತ್ತು.

ಆ ಓದುಗರು ಹೇಳಿದ್ರಲ್ಲಿ ನಾನು ಒಪ್ಪೋ ಮಾತೂ ಇದೆ. ಹೊಸದಾಗಿ ಬರೀತೀವಿ ಅಂತ ಬರ್ತಿರೋ ಪುಸ್ತಕಗಳೆಲ್ಲ ಒಳ್ಳೇವಲ್ಲ. ರಾಜಕುಮಾರಿ ಕೈಗೆ ಒಂದು ಕತ್ತಿ ಕೊಟ್ಟು, ರಾಜಕುಮಾರನ್ನ ದಡ್ಡ ಮಾಡಿ, ಮಿಕ್ಕಿದ್ದೆಲ್ಲ ಹಂಗೇ ಬಿಟ್ರೆ ಅದೇನು ಬದಲಾವಣೆ? ಅರಮನೆ ಅರಮನೆಯಾಗೇ ಇರುತ್ತೆ, ಮಾಟಗಾತಿ ವಯಸ್ಸಾದ ಕುರೂಪಿ ಹೆಂಗಸಾಗೇ ಇರ್ತಾಳೆ, ಅಡುಗೆ ಮಾಡೋಳಿಗೆ ಹೆಸರೂ ಇರಲ್ಲ. ಗ್ರಿಮ್ ಅವರ ನಿದ್ದೆ ರಾಜಕುಮಾರಿ ಕಥೆಯಲ್ಲಿ ಒಂದು ಸಣ್ಣ ವಿಷಯ ಇದೆ, ಅದನ್ನ ಓದಿದ್ರೆ ನಂಗೆ ಯಾವಾಗ್ಲೂ ಮೈ ಜುಂ ಅನ್ಸುತ್ತೆ. ರಾಜಕುಮಾರಿ ಜೊತೆ ಇಡೀ ಅರಮನೇನೇ ನಿದ್ದೆ ಹೋಗುತ್ತಲ್ಲ, ಆ ಹೊತ್ತಲ್ಲಿ ಅಡುಗೆಯವನು ಏನೋ ತಪ್ಪು ಮಾಡಿದ ಅಂತ ಅಡುಗೆ ಮನೆ ಹುಡುಗನ ಕೂದಲು ಹಿಡ್ಕೊಂಡು ಹೊಡೆಯಕ್ಕೆ ಹೋಗಿರ್ತಾನೆ, ಇಬ್ರೂ ಹಂಗೇ ಮಲಗಿಬಿಡ್ತಾರೆ. ನೂರು ವರ್ಷ ಆಗಿ ಎಲ್ರೂ ಏಳ್ತಾರೆ, ರಾಜಕುಮಾರಿಗೆ ರಾಜಕುಮಾರ ಸಿಗ್ತಾನೆ, ಅಡುಗೆ ಹುಡುಗನಿಗೆ ಆ ಬಾಕಿ ಇದ್ದ ಏಟು ಬೀಳುತ್ತೆ! ಕೋಳಿ ಪುಕ್ಕ ಕೀಳ್ತಿದ್ದ ಕೆಲಸದೋಳು ಎದ್ದು ಮತ್ತೆ ಪುಕ್ಕ ಕೀಳ್ತಾಳೆ. ನಮ್ಮ ಶಾಲೇಲಿ ಕಾಫಿ ತೋಟದ ಕೂಲಿಯವರ ಲೈನ್ ಮನೆಗಳಿಂದ ಬರೋ ಮಕ್ಕಳು ತುಂಬಾ ಇದಾರೆ, ಅವರಮ್ಮಂದಿರು ಬೆಳಗ್ಗೆ ಎದ್ದು ಬುತ್ತಿ ಕಟ್ಕೊಂಡು ಹಣ್ಣು ಕುಯ್ಯಕ್ಕೆ ಹೋಗ್ತಾರೆ. ಆ ಮಕ್ಕಳಿಗೆ ಕತ್ತಿ ಹಿಡಿದ ರಾಜಕುಮಾರಿಗಿಂತ ಆ ಅಡುಗೆ ಮನೆಯಲ್ಲಿ ಇದ್ದೋರು ಹತ್ರ. ಹಂಗಾಗಿ ಹೆಣ್ಣಿನ ಕಡೆಯಿಂದ ಕಥೆ ಹೇಳೋದು ಅಂದ್ರೆ ಯಾವ ಹೆಣ್ಣಿನ ಕಡೆಯಿಂದ ಅನ್ನೋದನ್ನೂ ಕೇಳಲೇಬೇಕು. ಕೆನಡಾದ ಮಾರ್ಗರೆಟ್ ಆಟ್‌ವುಡ್ 2005ರಲ್ಲಿ ಗ್ರೀಕ್ ಕಥೆಯ ಪೆನೆಲೊಪಿಯನ್ನ ಮಾತಾಡ್ಸಿದಾಗ ರಾಣಿಯೊಬ್ಬಳನ್ನೇ ಮಾತಾಡ್ಸಿ ಬಿಡ್ಲಿಲ್ಲ, ನೇಣು ಹಾಕಿಸ್ಕೊಂಡ ಹನ್ನೆರಡು ಜನ ಕೆಲಸದ ಹೆಣ್ಣುಮಕ್ಕಳಿಗೂ ಬಾಯಿ ಕೊಟ್ರು, ಅದು ಸರಿಯಾದ ಕೆಲಸ. ರೆಬೆಕಾ ಸೋಲ್ನಿಟ್ 2019ರಲ್ಲಿ ಮಕ್ಕಳಿಗೋಸ್ಕರ ಬರೆದ ಸಿಂಡರೆಲ್ಲಾ ಮದುವೆ ಆಗಿ ಅರಮನೆ ಸೇರಲ್ಲ, ಕೇಕ್ ಅಂಗಡಿ ಹಾಕ್ತಾಳೆ, ರಾಜಕುಮಾರ ಅವಳಿಗೆ ಗೆಳೆಯ ಆಗ್ತಾನೆ. ಇನ್ನೂ ಹಿಂದೆ 1980ರಲ್ಲೇ ಕೆನಡಾದ ಒಂದು ಮಕ್ಕಳ ಪುಸ್ತಕದಲ್ಲಿ, ಮೈಮೇಲಿನ ಬಟ್ಟೆ ಸುಟ್ಟು ಹೋಗಿ ಪೇಪರ್ ಚೀಲ ತೊಟ್ಕೊಂಡ ರಾಜಕುಮಾರಿ ಡ್ರ್ಯಾಗನ್‌ಗೆ ಸುಸ್ತು ಮಾಡ್ಸಿ ರಾಜಕುಮಾರನ್ನ ಬಿಡಿಸ್ತಾಳೆ, ಅವನು ನಿನ್ನ ಅವತಾರ ನೋಡ್ಕೋ, ಸರಿಯಾಗಿ ಬಟ್ಟೆ ಹಾಕ್ಕೊಂಡು ಬಾ ಅಂದಾಗ ಅವನನ್ನ ಅಲ್ಲೇ ಬಿಟ್ಟು ಕುಣೀತಾ ಹೋಗ್ತಾಳೆ. ಆ ಪುಸ್ತಕ ಬರೆದವರು ಗಂಡಸು, ರಾಬರ್ಟ್ ಮನ್ಷ್ ಅಂತ. ಹಂಗಾಗಿ ಇದು ಹೆಂಗಸರು ಗಂಡಸರ ಜಗಳ ಅಲ್ಲ ಅನ್ನೋದನ್ನೂ ಹೇಳ್ಬೇಕಾಗಿತ್ತು.

ಇನ್ನು ನಮ್ಮ ಕಥೆಗಳ ವಿಷಯ, ನಾನು ಪತ್ರ ಬರೆಯಕ್ಕೆ ಕೂತಿದ್ದೇ ಇದಕ್ಕೆ. ಸಿಂಡರೆಲ್ಲಾ ಯುರೋಪಿನೋಳು ಅಂತ ತಿಳ್ಕೊಂಡಿದೀವಿ, ಒಂಬತ್ತನೇ ಶತಮಾನದ ಚೀನಾದಲ್ಲೇ ಅವಳ ಥರದ ಹುಡುಗಿ ಕಥೆ ಬರವಣಿಗೇಲಿ ಸಿಗುತ್ತೆ. ಕನ್ನಡದಲ್ಲೂ ಒಬ್ಬಳಿದಾಳೆ, ಹಂಚಿ ಅಂತ, ಎ.ಕೆ. ರಾಮಾನುಜನ್ ಅವರು ನಮ್ಮ ಹಳ್ಳಿಯವರ ಬಾಯಿಂದ ಕೇಳಿ ಬರ್ಕೊಂಡ ಕಥೆ. ಚಿನ್ನದ ಕೂದಲಿನ ಹುಡುಗಿ, ಅವಳ ಮೇಲೆ ಸ್ವಂತ ಅಣ್ಣನೇ ಕಣ್ಣು ಹಾಕ್ತಾನೆ, ಅಮ್ಮ ಅವಳ ಮುಖಕ್ಕೆ ಮಣ್ಣಿನ ಮುಖವಾಡ ಮಾಡ್ಸಿ ಹಾಕಿ, ಎಲ್ಲಾದ್ರೂ ಹೋಗಿ ಬದುಕ್ಕೋ ಮಗಳೇ ಅಂತ ಮನೆಯಿಂದ ಆಚೆ ಕಳಿಸ್ತಾಳೆ. ಅವಳು ದೊಡ್ಡವರ ಮನೇಲಿ ಕೆಲಸಕ್ಕೆ ಸೇರಿ, ಆಮೇಲೆ ಆ ಮನೆಯ ಹುಡುಗನ್ನ ಮದುವೆ ಆಗ್ತಾಳೆ, ಆದ್ರೆ ಮದುವೆಗೆ ಕಥೆ ಮುಗಿಯಲ್ಲ, ಗಂಡನ ಮನೆಯವರು ನಂಬೋ ಗುರು ಒಬ್ಬ ಅವಳ ಮೇಲೆ ಕಣ್ಣು ಹಾಕಿ ಇನ್ನೊಂದು ಸುತ್ತು ಕಷ್ಟ ಶುರು ಆಗುತ್ತೆ, ಅವಳನ್ನ ಕಾಪಾಡೋದು ಒಬ್ಬ ಮುದುಕಿ. ನೋಡಿ, ಮನೆ ಒಳಗಿನ ಗಂಡಸಿನಿಂದಲೇ ಅಪಾಯ ಬರುತ್ತೆ ಅನ್ನೋದನ್ನ, ಮದುವೆ ಆದ್ರೆ ಎಲ್ಲ ಸರಿಹೋಗಲ್ಲ ಅನ್ನೋದನ್ನ, ಗುರು ಅಂತ ಕಾಲಿಗೆ ಬೀಳೋನನ್ನೂ ಕಣ್ಣು ಬಿಟ್ಟು ನೋಡ್ಬೇಕು ಅನ್ನೋದನ್ನ ನಮ್ಮ ಅಜ್ಜಿಯಂದಿರು ಕಥೆಯಾಗಿ ಹೇಳ್ತಾನೇ ಇದ್ರು. ಇದನ್ನ ಸ್ತ್ರೀವಾದ ಅಂತ ಹೊರಗಿನಿಂದ ಯಾರೂ ತರ್ಲಿಲ್ಲ. ಅಜ್ಜಿ ಹೇಳಿದ ಹಾಗೇ ಇರ್ಲಿ ಅಂತ ಆ ಓದುಗರು ಹೇಳ್ತಾರಲ್ಲ, ನಂದೂ ಅದೇ ಬೇಡಿಕೆ, ಆದ್ರೆ ಅಜ್ಜಿ ನಿಜವಾಗ್ಲೂ ಹೇಳಿದ್ದು ಏನು ಅಂತ ಒಂದ್ಸಲ ಕೂತು ಕೇಳೋಣ.

ಹೂವಾಗೋ ಹುಡುಗಿ ಕಥೆ ಇದೆ. ಬಡವರ ಮನೆ ಹುಡುಗಿ, ಅಮ್ಮನ ಕಷ್ಟ ನೋಡಕ್ಕಾಗ್ದೆ, ತನ್ನ ಮೇಲೆ ನೀರು ಹುಯ್ಸಿಕೊಂಡು ಹೂವಿನ ಮರ ಆಗ್ತಾಳೆ, ಅಕ್ಕ ಎಲೆ ಕಡ್ಡಿ ಮುರೀದಂಗೆ ಹುಷಾರಾಗಿ ಹೂವು ಬಿಡಿಸ್ಕೊಂಡು ಮತ್ತೆ ನೀರು ಹುಯ್ದು ಹುಡುಗಿ ಮಾಡ್ತಾಳೆ. ಅರಮನೆ ಸೊಸೆ ಆದ್ಮೇಲೆ ನಾದಿನಿ ಅವಳನ್ನ ತೋಟಕ್ಕೆ ಕರ್ಕೊಂಡೋಗಿ ಬಲವಂತವಾಗಿ ಮರ ಮಾಡ್ಸಿ, ಹುಡುಗೀರೆಲ್ಲ ಸೇರಿ ಕೊಂಬೆ ಮುರಿದು, ಸರಿಯಾಗಿ ನೀರೂ ಹುಯ್ಯದೆ ಬಿಟ್ಟು ಹೋಗ್ತಾರೆ, ಅವಳು ಕೈ ಕಾಲು ಇಲ್ದೆ ಅರ್ಧಂಬರ್ಧ ದೇಹ ಆಗಿ ಚರಂಡೀಲಿ ಬೀಳ್ತಾಳೆ. ಮದುವೆ ಆಗಿ ಹೋದ ಮನೇಲಿ ಹೆಣ್ಣಿನ ಶಕ್ತಿ ಎಲ್ರಿಗೂ ಆಟದ ವಸ್ತು ಆಗೋದನ್ನ ಇದಕ್ಕಿಂತ ಚೆನ್ನಾಗಿ ಹೇಳಿರೋ ಕಥೆ ಪ್ರಪಂಚದಲ್ಲಿ ಇದ್ರೆ ತೋರ್ಸಿ. ಗಿರೀಶ ಕಾರ್ನಾಡರು ಇದನ್ನ ಸಿನಿಮಾ ಮಾಡಿದ್ರು, ರಾಮಾನುಜನ್ ಅವರಿಂದ ಕೇಳಿದ ಇನ್ನೊಂದು ಕಥೆಯಿಂದ 1988ರಲ್ಲಿ ನಾಗಮಂಡಲ ನಾಟಕ ಬಂತು, ಅದರಲ್ಲಿ ಗಂಡ ಬೀಗ ಹಾಕಿ ಹೋಗೋ ಮನೆಯಲ್ಲಿರೋ ರಾಣಿ ಅನ್ನೋ ಹೆಸರಿನ ಹೆಂಡತಿಯ ಕಥೆಯನ್ನ ಹೇಳೋದು ಸ್ವತಃ ಕಥೇನೇ, ಅದೂ ಹೆಣ್ಣಿನ ರೂಪದಲ್ಲಿ ಬಂದು. ಬಹಳ ದೊಡ್ಡ ಕೆಲಸಗಳು ಇವು. ಆದ್ರೆ ನಾಟಕ ಸಿನಿಮಾ ಆದಮೇಲೆ ಮಕ್ಕಳ ಕೈಗೆ, ಅಮ್ಮಂದಿರ ಕೈಗೆ ಪುಸ್ತಕವಾಗಿ ಎಷ್ಟು ಬಂತು? ಹಾಸನದ ಪುಸ್ತಕದ ಅಂಗಡೀಲಿ ಮಕ್ಕಳ ಕಥೆ ಕೊಡಿ ಅಂದ್ರೆ ಗುಲಾಬಿ ಗೌನಿನ ಸಿಂಡರೆಲ್ಲಾ ಸಿಗ್ತಾಳೆ, ಹಂಚಿ ಸಿಗಲ್ಲ.

ಕೆರೆಗೆ ಹಾರ ನಾವೆಲ್ಲ ಶಾಲೇಲಿ ಓದಿ ಅತ್ತಿರೋ ಹಾಡು. ಕೆರೆಗೆ ನೀರು ಬರಲಿಲ್ಲ ಅಂತ ಕಿರೀ ಸೊಸೆ ಭಾಗೀರಥಿಯನ್ನ ಆಹುತಿ ಕೊಡಕ್ಕೆ ಮಾವ ತೀರ್ಮಾನ ಮಾಡ್ತಾನೆ, ಅವಳು ತವರಿಗೆ ಹೋದ್ರೂ ಅಪ್ಪ ಅಮ್ಮನ ಹತ್ರ ನಿಜ ಹೇಳಲ್ಲ, ಗೆಳತಿ ಹತ್ರ ಮಾತ್ರ ಹೇಳ್ಕೊಳ್ತಾಳೆ, ದಂಡಿಗೆ ಹೋಗಿದ್ದ ಗಂಡ ವಾಪಸ್ ಬಂದು ತಾನೂ ಕೆರೆಗೆ ಹಾರ್ತಾನೆ. ಇದನ್ನ ತ್ಯಾಗದ ಕಥೆ ಅಂತ ಪಾಠ ಮಾಡ್ತೀವಿ. ಭಾಗೀರಥಿ ಒಪ್ಪಿದ್ಳಾ ಅಂತ ಯಾರೂ ಕೇಳಲ್ಲ, ಹಿರೀ ಸೊಸೇರು ಆ ರಾತ್ರಿ ಏನು ಮಾತಾಡ್ಕೊಂಡ್ರು, ಆ ಗೆಳತಿ ಆಮೇಲೆ ಜೀವಮಾನ ಪೂರ್ತಿ ಆ ಮಾತನ್ನ ಹೆಂಗೆ ಹೊತ್ಕೊಂಡಿದ್ಳು ಅಂತ ಒಬ್ಬ ಲೇಖಕಿ ಕೂತು ಬರೆದ್ರೆ ಅದು ಹಾಡಿಗೆ ಅವಮಾನ ಅಲ್ಲ, ಆ ಹಾಡನ್ನ ಕಟ್ಟಿದ ಹೆಂಗಸರು ಅಳ್ತಾ ಅಳ್ತಾ ಒಳಗೆ ಇಟ್ಟುಕೊಂಡ ಪ್ರಶ್ನೆಗೆ ಮರ್ಯಾದೆ. ಅದೇ ಪುಣ್ಯಕೋಟಿ ಹಾಡನ್ನ ನೋಡಿ, ಅಲ್ಲಿ ಮನಸ್ಸು ಬದಲಾಗೋದು ಹುಲಿಗೆ. ಹಸು ತಪ್ಪು ದಾರೀಲಿ ಹೋಯ್ತು ಅಂತ ಯಾರೂ ಬೈಯಲ್ಲ, ತಿನ್ನಕ್ಕೆ ಬಂದ ಅರ್ಬುತನಿಗೇ ನಾಚಿಕೆ ಆಗಿ ಪ್ರಾಣ ಬಿಡ್ತಾನೆ. ಪೆರೋ ಕಥೆಯಲ್ಲಿ ಇಲ್ದೇ ಇರೋದು ನಮ್ಮ ಹಾಡಿನಲ್ಲಿ ಇದೆ. ತಬ್ಬಲಿ ಕರುನ ನೋಡ್ಕೊಳ್ಳಿ ಅಂತ ಪುಣ್ಯಕೋಟಿ ಬೇಡ್ಕೊಳ್ಳೋದು ಜೊತೆಯ ಹಸುಗಳನ್ನ, ಅಕ್ಕ ತಂಗಿ ಅಂತ ಕರೆದು. ಪ್ರತಿಭಾ ಕಾರಂಜೀಲಿ ಪ್ರತಿ ವರ್ಷ ಸತ್ಯ ಹೇಳಬೇಕು ಅನ್ನೋ ನೀತಿ ಒಂದನ್ನೇ ಬಾಯಿಪಾಠ ಮಾಡ್ಸಿ ಕಳಿಸ್ತೀವಿ, ಈ ಅಕ್ಕ ತಂಗೀರ ವಿಷಯ ಎತ್ತೋದೇ ಇಲ್ಲ.

ಹಳೇ ಕಥೆ ಮುಟ್ಟಬಾರ್ದು ಅನ್ನೋರಿಗೆ ಇನ್ನೊಂದು ನೆನಪು ಮಾಡ್ಬೇಕು. ಪಕ್ಕದ ಚಿಕ್ಕಮಗಳೂರು ಜಿಲ್ಲೆ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ ಹುಟ್ಟಿದ ಕುವೆಂಪು ಅವರು ಇಂಗ್ಲಿಷಿನ ಬ್ರೌನಿಂಗ್ ಪದ್ಯದ ಇಲಿ ಓಡ್ಸೋನನ್ನ ತಂದು ತುಂಗಾ ತೀರದಲ್ಲಿ ಕಿಂದರಿಜೋಗಿ ಮಾಡಿದ್ರು, ಇವತ್ತಿಗೂ ಅವನು ನಮ್ಮೂರಿನೋನೇ ಅಂತ ಮಕ್ಕಳು ನಂಬ್ತಾರೆ. ಅದೇ ಕುವೆಂಪು ಶೂದ್ರತಪಸ್ವಿ ನಾಟಕದಲ್ಲಿ ರಾಮನ ಬಾಣ ಶಂಬೂಕನ ತಲೆ ತೆಗೆಯೋಕೆ ಬಿಡ್ಲಿಲ್ಲ. ಶಂಬೂಕನಿಗೆ ನ್ಯಾಯ ಕೊಡೋಕೆ ಕಥೆ ಬದಲಾಯಿಸಬಹುದು, ಶಕುಂತಲೆಗೆ ಕೊಡೋಕೆ ಬದಲಾಯಿಸಬಾರ್ದಾ? ವೈದೇಹಿ ಅವರು ಶಕುಂತಲೆ ಜೊತೆ ಒಂದು ಮಧ್ಯಾಹ್ನ ಕೂತು ಅವಳ ಮಾತು ಕೇಳಿದ ಕಥೆ ಬರೆದಿದಾರೆ, ಓದಿಲ್ದೇ ಇರೋರು ದಯವಿಟ್ಟು ಓದಿ. ನಮ್ಮ ಬೇಲೂರು ತಾಲ್ಲೂಕಿನ ದಬ್ಬೆಯವರಾದ ವಿಜಯಾ ದಬ್ಬೆ ಕನ್ನಡ ಸಾಹಿತ್ಯವನ್ನ ಹೆಣ್ಣಿನ ಕಣ್ಣಿಂದ ಓದೋದನ್ನ ಒಂದು ತಲೆಮಾರಿಗೇ ಕಲಿಸಿದ್ರು. ಹಾಸನದ ಬಾನು ಮುಷ್ತಾಕ್ ಅವರ ಕಥೆಗಳಿಗೆ, ದೀಪಾ ಭಾಸ್ತಿ ಅವರ ಅನುವಾದದಲ್ಲಿ, 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಊರಿಗೆ ಊರೇ ಹಬ್ಬ ಮಾಡ್ತು, ಆ ಪುಸ್ತಕದ ಕೊನೇ ಕಥೇಲಿ ಒಬ್ಬ ಹೆಂಗಸು ದೇವರನ್ನೇ ಒಮ್ಮೆ ಹೆಣ್ಣಾಗು ಅಂತ ಕೇಳ್ತಾಳೆ. ದೇವರನ್ನ ಹಂಗೆ ಕೇಳೋ ಧೈರ್ಯ ಇರೋ ಊರು ನಮ್ಮದು. ಸಿಂಡರೆಲ್ಲಾಗೆ ಒಂದು ಮಾತು ಕೊಟ್ರೆ ನಾವು ಹೆದರ್ಬೇಕಾ?

ತರಗತಿಯ ಒಂದು ವಿಷಯ ಹೇಳ್ಬೇಕು, ಯಾಕಂದ್ರೆ ಮಕ್ಕಳಿಗೆ ಇದೆಲ್ಲ ಅರ್ಥ ಆಗಲ್ಲ ಅಂತ ಆ ಪತ್ರದಲ್ಲಿ ಇತ್ತು. ಕಾಗಕ್ಕ ಗುಬ್ಬಕ್ಕನ ಕಥೆ ಎಲ್ರಿಗೂ ಗೊತ್ತು, ಕಾಗಕ್ಕಂದು ಸಗಣಿ ಮನೆ, ಗುಬ್ಬಕ್ಕಂದು ಕಲ್ಲಿನ ಮನೆ, ಮಳೆ ಬಂದು ಕಾಗಕ್ಕನ ಮನೆ ಕೊಚ್ಚಿಕೊಂಡು ಹೋಗುತ್ತೆ, ಬಾಗಿಲು ತೆಗಿ ಅಂದ್ರೆ ಗುಬ್ಬಕ್ಕ ಮಗೂಗೆ ಸ್ನಾನ ಮಾಡಿಸ್ತಿದೀನಿ ಇರು, ಊಟ ಮಾಡಿಸ್ತಿದೀನಿ ಇರು, ಮಲಗಿಸ್ತಿದೀನಿ ಇರು ಅಂತ ಕಾಯಿಸ್ತಾಳೆ. ನಾನು ಕಥೆ ಹೇಳಿ ಸುಮ್ನೆ ಏನಾದ್ರೂ ಕೇಳೋದಿದ್ರೆ ಕೇಳಿ ಅಂದೆ. ಲೈನ್ ಮನೆಯಿಂದ ಬರೋ ಒಂದು ಹುಡುಗಿ, ಜಾಸ್ತಿ ಮಾತಾಡೋಳಲ್ಲ, ಎದ್ದು ನಿಂತು, "ಕಾಗಕ್ಕಂಗೆ ಕಲ್ಲು ಯಾರೂ ಕೊಡ್ಲಿಲ್ವಾ ಮಿಸ್?" ಅಂದ್ಳು. ಅವಳ ಮನೆ ಮಳೆಗಾಲದಲ್ಲಿ ಸೋರುತ್ತೆ ಅಂತ ನಂಗೆ ಗೊತ್ತಿತ್ತು. ಇಷ್ಟು ವರ್ಷ ನಾವು ಕಾಗಕ್ಕ ಸೋಮಾರಿ, ಗುಬ್ಬಕ್ಕ ಜಾಣೆ ಅಂತ ಹೇಳ್ಕೊಟ್ಟಿದೀವಲ್ಲ, ಆ ಹುಡುಗಿಗೆ ಕಾಗಕ್ಕ ಸೋಮಾರಿ ಅಂತ ಅನ್ಸೇ ಇಲ್ಲ. ಹಿಂದಿನ ಬೆಂಚಿನ ಹುಡುಗ ಒಬ್ಬ ಇನ್ನೂ ಒಂದು ಕೇಳಿದ, "ಮಿಸ್, ಸ್ನಾನನೂ ಗುಬ್ಬಕ್ಕನೇ ಮಾಡಿಸ್ಬೇಕು, ಊಟನೂ ಅವಳೇ ಮಾಡಿಸ್ಬೇಕು, ಗಂಡು ಗುಬ್ಬಿ ಎಲ್ಲೋಗಿತ್ತು?" ಇಡೀ ಕ್ಲಾಸ್ ನಕ್ತು, ಆಮೇಲೆ ಯಾರೂ ನಗ್ಲಿಲ್ಲ, ಎಲ್ರೂ ತಂತಮ್ಮ ಮನೆ ವಿಷಯ ಹೇಳಕ್ಕೆ ಶುರು ಮಾಡಿದ್ರು, ನಮ್ಮಪ್ಪ ಟೀ ಮಾಡ್ತಾರೆ, ನಮ್ಮಪ್ಪ ಮಾಡಲ್ಲ, ನಮ್ಮಮ್ಮ ಕೆಲಸದಿಂದ ಬಂದು ಮತ್ತೆ ಒಲೆ ಹಚ್ತಾರೆ ಅಂತ. ನಾನು ಆ ಎರಡು ಪ್ರಶ್ನೇನೂ ಬೋರ್ಡ್ ಮೇಲೆ ಬರೆದು, ನೀವೇ ಮನೇಲಿ ಕೂತು ಕಥೆ ಮತ್ತೆ ಬರ್ಕೊಂಡು ಬನ್ನಿ ಅಂದೆ. ಯಾವ ಸಿದ್ಧಾಂತದ ಪುಸ್ತಕವನ್ನೂ ಓದ್ದೇ ಇರೋ ಹತ್ತು ಹನ್ನೊಂದು ವರ್ಷದ ಮಕ್ಕಳು ಅವರು. ಕಥೆ ಬಿತ್ತನೆ ಬೀಜ ಇದ್ದಂಗೆ, ಡಬ್ಬೀಲಿ ಮುಚ್ಚಿಟ್ರೆ ಹುಳ ಹಿಡಿಯುತ್ತೆ, ಆಯಾ ಮಣ್ಣಿಗೆ ಹಾಕಿದ್ರೇನೇ ಮೊಳೆಯೋದು.

ಕಥೆ ಅಂದ್ರೆ ಸಂತೋಷಕ್ಕೆ, ಅದರಲ್ಲಿ ರಾಜಕೀಯ ಬೇಡ ಅಂತಾನೂ ಅವರು ಬರೆದಿದಾರೆ. 1970ರ ಸುಮಾರಿಗೆ ಅಮೆರಿಕದಲ್ಲೂ ಇದೇ ಚರ್ಚೆ ಆಗಿತ್ತು. ಆಲಿಸನ್ ಲೂರಿ ಅನ್ನೋ ಲೇಖಕಿ ಹಳೇ ಜನಪದ ಕಥೆಗಳಲ್ಲಿ ಗಟ್ಟಿ ಹೆಂಗಸರು ಬೇಕಾದಷ್ಟು ಇದಾರೆ, ಅವನ್ನ ಹುಡುಕಿ ಓದಿಸಿ ಅಂದ್ರು, 1972ರಲ್ಲಿ ಮಾರ್ಸಿಯಾ ಲೀಬರ್ಮನ್ ಅನ್ನೋರು, ಅಂಥ ಕಥೆಗಳು ಇರಬಹುದು, ಆದ್ರೆ ಮಕ್ಕಳ ಕೈಗೆ ಸಿಗೋದು ಆ ಕಥೆಗಳಲ್ಲ, ಚೆಂದ ಇದ್ದು ಕಾಯ್ತಾ ಕೂರೋ ಹುಡುಗೀರ ಕಥೆಗಳೇ ಅಂತ ಉತ್ತರ ಕೊಟ್ರು. ನಂಗೆ ಇಬ್ರ ಮಾತೂ ಸರಿ ಅನ್ಸುತ್ತೆ, ಮತ್ತೆ ಆ ಎರಡನೇ ಮಾತು ಇವತ್ತಿನ ಕನ್ನಡಕ್ಕೆ ಜಾಸ್ತಿ ಸರಿ. ನಮ್ಮಲ್ಲಿ ಕಥೆಗಳಿಗೆ ಬರ ಇಲ್ಲ, ಗೊರೂರರು ನಮ್ಮ ಹೇಮಾವತಿ ಸೀಮೆಯ ಹಳ್ಳಿ ಹಾಡುಗಳನ್ನ ಸಂಗ್ರಹ ಮಾಡಿದ ಕಾಲದಿಂದ ಎಷ್ಟೋ ಜನ ಎಷ್ಟೋ ಬರೆದಿಟ್ಟಿದಾರೆ. ಅವು ವಿಶ್ವವಿದ್ಯಾಲಯದ ಕಪಾಟಿನಲ್ಲಿ ಇವೆ, ಅಂಗಡಿಯ ಗುಲಾಬಿ ಪುಸ್ತಕಗಳ ಪಕ್ಕದಲ್ಲಿ ಇಲ್ಲ.

ಹಂಗಾಗಿ ಸಂಪಾದಕರಲ್ಲಿ ನನ್ನ ಬೇಡಿಕೆ ಇಷ್ಟು. ನಿಮ್ಮ ಭಾನುವಾರದ ಮಕ್ಕಳ ಪುಟದಲ್ಲಿ ವಾರಕ್ಕೊಂದು ಜಾಗ ಕೊಡಿ, ಸಿಂಡರೆಲ್ಲಾ ಬೇಡ ಅಂತ ನಾನು ಹೇಳ್ತಿಲ್ಲ, ಅವಳೂ ಬರ್ಲಿ, ಹಂಚೀನೂ ಬರ್ಲಿ, ಹೂವಾಗೋ ಹುಡುಗೀನೂ ಬರ್ಲಿ. ಹಾಸನ, ಚಿಕ್ಕಮಗಳೂರು ಕಡೆ ಅರಸೀಕೆರೆ ಬಯಲಿಂದ ಹಿಡಿದು ಕೊಪ್ಪದ ಘಟ್ಟದ ತನಕ ಇನ್ನೂ ಕಥೆ ಹೇಳೋ ಅಜ್ಜಿಯಂದಿರು ಇದಾರೆ, ಅವರ ಹತ್ರ ಹೋಗಿ ಕೇಳಿ ಬರ್ಕೊಂಡು ಬರಕ್ಕೆ ಹೈಸ್ಕೂಲ್, ಕಾಲೇಜು ಹುಡುಗೀರಿಗೆ ಹುಡುಗರಿಗೆ ಕರೆ ಕೊಡಿ,, ಅಜ್ಜಿಯ ಹೆಸರು ಮೇಲೆ ಹಾಕಿ, ಬರ್ಕೊಂಡೋರ ಹೆಸರು ಕೆಳಗೆ ಹಾಕಿ. ಲೇಖಕಿಯರಿಗೂ ಕೇಳಿ, ಒಂದೊಂದು ಹಳೇ ಕಥೆ ತಗೊಂಡು ಅದರಲ್ಲಿ ಮಾತಾಡ್ದೇ ಉಳಿದೋರಿಗೆ ಮಾತು ಕೊಟ್ಟು ಬರೀರಿ ಅಂತ. ಪತ್ರ ಬರೆದ ಆ ಹಿರಿಯ ಓದುಗರಿಗೂ ನನ್ನ ವಿನಂತಿ, ನಿಮ್ಮ ಅಜ್ಜಿ ಹೇಳಿದ ಒಂದು ಕಥೆ ನೆನಪಿದ್ರೆ ನೀವೇ ಮೊದಲು ಬರೆದು ಕಳಿಸಿ, ನಾನು ನಮ್ಮ ಕ್ಲಾಸಲ್ಲಿ ಓದಿ ಹೇಳ್ತೀನಿ, ಮಕ್ಕಳು ಏನು ಕೇಳಿದ್ರು ಅಂತ ನಿಮಗೆ ತಿಳಿಸ್ತೀನಿ.

ಈ ಪತ್ರದ ಜೊತೆ ನಮ್ಮ ಐದನೇ ಕ್ಲಾಸಿನ ಮಕ್ಕಳು ಬರೆದ ಕಾಗಕ್ಕ ಗುಬ್ಬಕ್ಕನ ಎರಡು ಕಥೆ ಇಟ್ಟಿದೀನಿ. ಜಾಗ ಇದ್ರೆ ಹಾಕಿ. ಒತ್ತಕ್ಷರ, ದೀರ್ಘ ತಪ್ಪಿದ್ರೆ ತಿದ್ದಿ, ಕಥೆ ಮಾತ್ರ ಅವರು ಮುಗಿಸಿದ ಹಾಗೇ ಬಿಡಿ.

ಇಂತಿ,
ಒಬ್ಬ ಸರ್ಕಾರಿ ಶಾಲಾ ಶಿಕ್ಷಕಿ
ಆಲೂರು ತಾಲ್ಲೂಕು, ಹಾಸನ ಜಿಲ್ಲೆ